ಬದಲಾದ ಉಡುಪಿ ಸೀರೆ

ಡಾಕ್ಟರ್ ಭವ್ಯಶ್ರೀ ಸೀರೆಯನ್ನು ಅಂಗಡಿಯ ಮೇಜಿನ ಮೇಲೆ ಬಿಡಿಸಿ, ಅದರ ಮೇಲೆ ಎರಡೂ ಅಂಗೈ ಸವರಿ ನೋಡಿದರು. ಆಮೇಲೆ ಹೇಳಿದರು: "ಸರಸಕ್ಕ, ಇದು ನನ್ನ ಅಜ್ಜಿಯ ಸೀರೆ ಅಲ್ಲ."

ಸರಸಳಿಗೆ ಮೊದಲು ತಮಾಷೆ ಅನ್ನಿಸಿತು. ಕಾಪು ಪೇಟೆಯಲ್ಲಿ ಅವಳು ಅಂಗಡಿ ಇಟ್ಟು ಹದಿನಾರು ವರ್ಷ ಆಗಿತ್ತು. ಸೀರೆಗೆ ಫಾಲ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟಿಸುವುದು, ಹರಿದದ್ದನ್ನು ರಫು ಮಾಡಿಸಿ ಕೊಡುವುದು ಅವಳ ಕೆಲಸ. ಈ ಹದಿನಾರು ವರ್ಷದಲ್ಲಿ ದಾರದ ಬಣ್ಣ ತಪ್ಪಿದ್ದುಂಟು, ಹೇಳಿದ ದಿನಕ್ಕಿಂತ ಎರಡು ದಿನ ತಡವಾದದ್ದುಂಟು. ಸೀರೆ ತಪ್ಪಿದ್ದಿಲ್ಲ.

"ಚೀಟಿ ನೋಡಿ ಡಾಕ್ಟರೇ, ನಿಮ್ಮ ಹೆಸರೇ ಉಂಟು."

"ಚೀಟಿ ನನ್ನದೇ. ಸೀರೆ ನನ್ನದಲ್ಲ."

ಕೆನೆ ಬಣ್ಣದ ಮೈಯಲ್ಲಿ ತೆಳ್ಳಗಿನ ಕೆಂಪು ಚೌಕಳಿ, ಕೆಂಪು ಅಂಚು, ಅಂಚಿನೊಳಗೆ ಎರಡು ಸಣ್ಣ ಗೆರೆ. ಭವ್ಯಶ್ರೀ ಒಂದೂವರೆ ತಿಂಗಳ ಹಿಂದೆ ತಂದುಕೊಟ್ಟದ್ದು ಇಂಥದ್ದೇ ಕೈಮಗ್ಗದ ಹತ್ತಿ ಸೀರೆ. ಅವರ ಅಜ್ಜಿ ಶಾಲೆಯ ಹೆಡ್ ಟೀಚರಾದ ವರ್ಷ ಉಡುಪಿಯಲ್ಲಿ ಕೊಂಡದ್ದು. ಅಜ್ಜಿ ಈಗ ಇಲ್ಲ. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಮೊಮ್ಮಗಳಿಗೆ ತನ್ನ ಮದುವೆಯ ಮೆಹೆಂದಿಯ ದಿನ ಅದನ್ನೇ ಉಡಬೇಕೆಂದು ಆಸೆ.

"ನಾನು ಸಣ್ಣವಳಿರುವಾಗ ಅಜ್ಜಿಯ ಮಡಿಲಲ್ಲಿ, ಆ ಸೀರೆಯ ಮೇಲೆಯೇ ಮಲಗಿದವಳು," ಭವ್ಯಶ್ರೀ ಹೇಳಿದರು. "ಮುಟ್ಟಿದರೆ ಗೊತ್ತಾಗ್ತದೆ. ಅದು ಬೇಡ ಬಿಡಿ. ಅಂಚಿನ ಹತ್ತಿರ ಹೆಸರುಕಾಳಿನಷ್ಟು ದೊಡ್ಡ ತೂತು ಇತ್ತು. ರಫು ಮಾಡಿಸ್ತೇನೆ ಅಂತ ನೀವೇ ಹೇಳಿದಿರಿ. ಆ ರಫು ಎಲ್ಲಿ ಉಂಟು, ತೋರಿಸಿ."

ಸರಸ ಕನ್ನಡಕ ಹಾಕಿಕೊಂಡು ಅಂಚನ್ನು ಗೇಣು ಗೇಣಾಗಿ ನೋಡುತ್ತಾ ಹೋದಳು. ಒಳ್ಳೆಯ ರಫು ಮೇಲಿನಿಂದ ಕಾಣುವುದಿಲ್ಲ, ಆದರೆ ಬಟ್ಟೆಯನ್ನು ಮಗುಚಿದರೆ ಎಳೆಗಳು ಸ್ವಲ್ಪ ದಪ್ಪಗೆ ಕಂಡೇ ಕಾಣುತ್ತವೆ. ಆರು ಗಜದಲ್ಲಿ ಅಂಥದ್ದೊಂದು ಜಾಗ ಸಿಗಲಿಲ್ಲ.

"ಒಂದು ವಾರ ಕೊಡಿ ನನಗೆ."

"ಮದುವೆಗೆ ಹದಿನೆಂಟು ದಿನ ಉಂಟು," ಎಂದರು ಭವ್ಯಶ್ರೀ. "ಇದನ್ನು ನೀವೇ ಇಟ್ಟುಕೊಳ್ಳಿ. ನನಗೆ ಬೇಡ."

ಅವರು ಜಗಳ ಮಾಡಲಿಲ್ಲ. ಆದರೆ ಅದೇ ಸಂಜೆ ಸೀರೆ ಪ್ರಿಯರ ವಾಟ್ಸಾಪ್ ಗುಂಪಿನಲ್ಲಿ ವಿಷಯ ಬರೆದರು. ಆ ಗುಂಪಿನಲ್ಲಿ ಉಡುಪಿ, ಮಣಿಪಾಲ, ಕಾರ್ಕಳದ ಇನ್ನೂರು ಹೆಂಗಸರಿದ್ದರು, ಸರಸಳೂ ಇದ್ದಳು. ಭವ್ಯಶ್ರೀ ಯಾರ ಮೇಲೂ ಆರೋಪ ಹೊರಿಸಿರಲಿಲ್ಲ. ಅಜ್ಜಿಯ ಸೀರೆ ಕಾಪುವಿನ ಅಂಗಡಿಯಲ್ಲಿ ಬದಲಾಗಿದೆ, ಎಲ್ಲಾದರೂ ಕಂಡರೆ ತಿಳಿಸಿ ಎಂದಷ್ಟೇ ಇತ್ತು. ಅದರ ಕೆಳಗೆ ಒಬ್ಬಳು ಕೇಳಿದಳು, ಅಲ್ಲಿ ಕುಚ್ಚು ಕಟ್ಟುವುದು ಯಾರು ಅಂತ. ಇನ್ನೊಬ್ಬಳು ಬರೆದಳು: ಒಬ್ಬಳು ಬ್ಯಾರಿ ಹೆಂಗಸು, ಸೀರೆಗಳನ್ನೆಲ್ಲ ಮನೆಗೆ ಕೊಂಡುಹೋಗ್ತಾಳೆ. ಮೂರನೆಯವಳು: ಹಾಗಾದರೆ ಕೇಳಲಿಕ್ಕೆ ಎಂತ ಉಂಟು.

ಸರಸ ಮೊಬೈಲನ್ನು ಮಗುಚಿಟ್ಟಳು. ಆ ಮೂರನೆಯ ಸಾಲು ಅವಳ ಕಣ್ಣಿನಿಂದ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರು ಗಿರಾಕಿಗಳು ಬಂದು ಕೊಟ್ಟಿದ್ದ ಸೀರೆಗಳನ್ನು ಹಾಗೆಯೇ ವಾಪಸು ಕೊಂಡುಹೋದರು. ಅವರಲ್ಲಿ ಒಬ್ಬರು, ಎಷ್ಟೋ ವರ್ಷದ ಪರಿಚಯದವರು, ಬಾಗಿಲ ಹತ್ತಿರ ನಿಂತು, "ನಿಮ್ಮ ಮೇಲೆ ಎಂತ ಇಲ್ಲ ಸರಸ. ಅವಳ ಕೈಗೆ ಕೊಡುವುದಾದರೆ ಮಾತ್ರ ಬೇಡ," ಎಂದರು.

"ಕುಚ್ಚು ಅವಳೇ ಕಟ್ಟುವುದು," ಸರಸ ಹೇಳಿದಳು. "ಇವತ್ತೂ ಅವಳೇ, ನಾಳೆಯೂ ಅವಳೇ."

ಹನ್ನೊಂದು ಗಂಟೆಗೆ ಉಮೈರಾ ಬಂದಳು. ಕಡಲ ಬದಿಯ ರಸ್ತೆಯಲ್ಲಿ, ಬ್ಯಾರಿ ಮುಸ್ಲಿಮರ ಮನೆಗಳ ಸಾಲಿನಲ್ಲಿ ಅವಳ ಮನೆ. ಗಂಡ ಸೌದಿಯ ದಮ್ಮಾಮಿನಲ್ಲಿ, ಮನೆಯಲ್ಲಿ ಅತ್ತೆ ರುಕಿಯಮ್ಮ ಮತ್ತು ಶಾಲೆಗೆ ಹೋಗುವ ಮಗಳು. ಒಂಬತ್ತು ವರ್ಷದಿಂದ ಸರಸಳ ಅಂಗಡಿಯ ಕುಚ್ಚೆಲ್ಲ ಅವಳದ್ದೇ. ಕಟ್ಟಿ ಮುಗಿದ ಏಳು ಸೀರೆಗಳನ್ನು ಅವಳು ಮೇಜಿನ ಮೇಲೆ ಒಂದೊಂದಾಗಿ ಇಟ್ಟು, ಕೊನೆಗೆ ತನ್ನ ಸೂಜಿಗಳ ಸಣ್ಣ ಚೀಲವನ್ನೂ ಅವುಗಳ ಪಕ್ಕದಲ್ಲಿ ಇಟ್ಟಳು. ಆ ಚೀಲ ಸರಸ ಕೊಟ್ಟದ್ದು.

"ಇನ್ನು ನಾನು ಬರುವುದಿಲ್ಲ ಸರಸಕ್ಕ. ನನ್ನಿಂದ ನಿಮ್ಮ ಅಂಗಡಿ ಮುಚ್ಚುವುದು ಬೇಡ."

"ಕೂತುಕೋ."

"ಅತ್ತೆಗೂ ಗೊತ್ತಾಯಿತು. ಮೀನಿನ ಮಾರ್ಕೆಟಿನಲ್ಲಿ ಯಾರೋ ಕೇಳಿದರಂತೆ, ನಿಮ್ಮ ಸೊಸೆ ಎಂತ ಮಾಡಿದ್ದು ಅಂತ." ಉಮೈರಾಳ ಧ್ವನಿ ಏರಲಿಲ್ಲ. "ನಾನು ಎಂತ ಮಾಡಿದ್ದೇನೆ ಅಂತ ನನಗೇ ಗೊತ್ತಿಲ್ಲ. ಅವರಿಗೆ ಎಂತ ಹೇಳಲಿ?"

"ಮೊದಲು ಕೂತುಕೋ. ಈ ಸೀರೆ ನೋಡು. ನಾವಿಬ್ಬರೂ ಸರಿಯಾಗಿ ನೋಡುವ."

ಸರಸಳ ಅಪ್ಪ ಮೀನಿನ ಬಲೆ ಕಟ್ಟುತ್ತಿದ್ದವರು. ಕರಾವಳಿಯ ಯಾವ ದೋಣಿಯ ಬಲೆ ಸಿಕ್ಕಿದರೂ ಗಂಟು ನೋಡಿ ಇದು ಇಂಥವನ ಕೈ ಎಂದು ಹೇಳುತ್ತಿದ್ದರು. ಆ ಕಣ್ಣು ಮಗಳಿಗೂ ಬಂದಿತ್ತು. ಅವಳು ಸೆರಗನ್ನು ಎತ್ತಿ ಹಿಡಿದಳು.

"ಈ ಕುಚ್ಚು ಯಾರದ್ದು?"

"ನನ್ನದೇ. ಗಂಟಿನ ಮೇಲೆ ಎರಡು ಸುತ್ತು ಹೆಚ್ಚು ಹಾಕುವುದು ನಾನೊಬ್ಬಳೇ."

"ಒಂದು ಸೀರೆಯಿಂದ ಬಿಚ್ಚಿ ಇನ್ನೊಂದಕ್ಕೆ ಕಟ್ಟಲಿಕ್ಕೆ ಆಗ್ತದಾ?"

"ಇಲ್ಲ. ಗಂಟು ಕತ್ತರಿಸದೆ ಬಿಚ್ಚಲಿಕ್ಕೆ ಆಗುವುದಿಲ್ಲ."

"ಅಂದರೆ ನಿನ್ನ ಕೈಗೆ ಬಂದದ್ದೇ ಈ ಸೀರೆ. ಬದಲಾದದ್ದು ನಿನ್ನ ಹತ್ತಿರ ಬರುವ ಮೊದಲು."

ಉಮೈರಾ ಮೊದಲ ಸಲ ತಲೆ ಎತ್ತಿದಳು. "ಬಂದಾಗ ಗಟ್ಟಿ ಇತ್ತು ಸರಸಕ್ಕ. ಧರ್ಮಪಾಲಣ್ಣ ರಫು ಮಾಡಿ ಗಂಜಿ ಹಾಕಿ ಕೊಟ್ಟಿರಬೇಕು ಅಂದುಕೊಂಡೆ. ಹಳೆಯದನ್ನು ನಾನು ನೋಡಿದವಳೇ ಅಲ್ಲ."

ಅದು ನಿಜವಾಗಿತ್ತು. ಡಾಕ್ಟರು ತಂದ ಸೀರೆಯನ್ನು ಸರಸ ನೇರವಾಗಿ ಕಾರ್ಕಳದ ಕಡೆಯ ಧರ್ಮಪಾಲಣ್ಣನಿಗೆ ರಫುವಿಗೆ ಕಳಿಸಿದ್ದಳು. ವಾಪಸು ಬಂದ ಕಟ್ಟನ್ನು ಬಿಚ್ಚಿ ನೋಡದೆ ಉಮೈರಾಳಿಗೆ ಕೊಟ್ಟಿದ್ದಳು. ಮದುವೆಯ ಸೀಸನ್, ಮೇಜಿನ ತುಂಬ ಸೀರೆ. ತಪ್ಪು ತನ್ನದೇ ಎಂದು ಅವಳಿಗೆ ಆಗ ಹೊಳೆಯಿತು.

ಅವಳು ಸೀರೆಯನ್ನು ಬಾಗಿಲಿಗೆ ಕೊಂಡುಹೋಗಿ ಬಿಸಿಲಿಗೆ ಹಿಡಿದಳು. ಎರಡೂ ಅಂಚಿನ ತುದಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳ ಸಾಲು ಕಾಣಿಸಿತು. ಕೈಮಗ್ಗದಲ್ಲಿ ನೇಯುವಾಗ ಬಟ್ಟೆ ಒಳಕ್ಕೆ ಸೆಳೆಯದಂತೆ ಅಗಲಕ್ಕೆ ಒಂದು ಕಡ್ಡಿ ಸಿಕ್ಕಿಸುತ್ತಾರೆ. ಆ ಕಡ್ಡಿಯ ಮೊಳೆಗಳ ಗುರುತು ಅದು. ನಾಲ್ಕು ಸಲ ಒಗೆದರೆ ಮುಚ್ಚಿಹೋಗುತ್ತದೆ.

"ಈ ಸೀರೆ ಇನ್ನೂ ನೀರು ಕಂಡಿಲ್ಲ," ಸರಸ ಮೆಲ್ಲಗೆ ಹೇಳಿದಳು. "ಮಗ್ಗದಿಂದ ಇಳಿದು ಎರಡು ತಿಂಗಳೂ ಆಗಿಲ್ಲ."

"ಹೊಸ ಕೈಮಗ್ಗದ ಸೀರೆ ಕೊಟ್ಟು ಹಳೆಯ ಹರಿದ ಸೀರೆ ತೆಗೆದುಕೊಳ್ಳುವವರು ಯಾರು? ಯಾರಿಗೆ ಎಂತ ಲಾಭ?"

ಯಾವಾಗಲೂ ನಾಲ್ಕು ದಿನದಲ್ಲಿ ಕೆಲಸ ಮುಗಿಸುವ ಧರ್ಮಪಾಲಣ್ಣ ಈ ಸಲ ಮೂರು ವಾರ ತೆಗೆದುಕೊಂಡದ್ದು, ಕೇಳಿದರೆ ಕಣ್ಣು ಸರಿ ಇಲ್ಲ ಎಂದದ್ದು ಸರಸಳಿಗೆ ನೆನಪಾಯಿತು. ಉಮೈರಾಳಿಗೂ ಅದೇ ನೆನಪಾಗಿರಬೇಕು.

"ಹಾಗಾದರೆ ಅವರೇ ಅಲ್ವಾ?"

"ಗೊತ್ತಿಲ್ಲ. ಬರೇ ಊಹೆಯಿಂದ ನಿನ್ನ ಹೆಸರು ಹಾಳಾಯಿತು. ಅದೇ ಊಹೆಯಿಂದ ಇನ್ನೊಬ್ಬರ ಹೆಸರನ್ನು ನಾನು ಹಾಳು ಮಾಡುವುದಿಲ್ಲ. ನೋಡಿಕೊಂಡು ಬರ್ತೇನೆ." ಸರಸ ಸೂಜಿಯ ಚೀಲವನ್ನು ಎತ್ತಿ ಉಮೈರಾಳ ಮಡಿಲಲ್ಲಿ ಇಟ್ಟಳು. "ಇದು ಇಲ್ಲಿ ಬಿಡುವುದು ಬೇಡ."

ಮರುದಿನ ಅವಳು ಅಂಗಡಿ ತೆರೆಯಲಿಲ್ಲ. ಸೀರೆಯನ್ನು ಚೀಲದಲ್ಲಿ ಹಾಕಿಕೊಂಡು ಎಂಟು ಗಂಟೆಯ ಬಸ್ಸಿಗೆ ಉಡುಪಿಗೆ ಹೋದಳು. ಅಲ್ಲಿ ನೇಕಾರರಿಗೆ ನೂಲು ಹಂಚುವ ಒಂದು ಸಣ್ಣ ಸಂಘ ಇತ್ತು. ನೂಲಿನ ಕೋಣೆ ನೋಡಿಕೊಳ್ಳುವ ಪ್ರತೀಕ್ ಅವಳಿಗೆ ಪರಿಚಯ. ಅವನು ಸೀರೆಯ ಅಂಚನ್ನು ಬೆರಳಿನಿಂದ ಒರೆಸಿ ನೋಡಿದ, ಮಗುಚಿ ನೋಡಿದ, ಆಮೇಲೆ ಒಳಗೆ ಹೋಗಿ ಒಂದು ಕೆಂಪು ನೂಲಿನ ಲಡಿ ತಂದು ಅಂಚಿನ ಪಕ್ಕ ಇಟ್ಟ. ಬಣ್ಣ ಒಂದೇ.

"ನೂಲು ನಮ್ಮಲ್ಲಿಯದ್ದೇ ಅಕ್ಕ. ಆದರೆ ನೇಯ್ದದ್ದು ನಮ್ಮಲ್ಲಿ ಅಲ್ಲ. ಈ ಎರಡು ಗೆರೆಯ ಅಂಚನ್ನು ಈಗ ಯಾರೂ ಹಾಕುವುದಿಲ್ಲ. ಹಳೆಯ ಕ್ರಮ ಇದು."

"ಗೊತ್ತಿರುವವರು ಯಾರಿದ್ದಾರೆ?"

"ಇಬ್ಬರಿದ್ದಾರೆ. ಒಬ್ಬರು ಹಾಸಿಗೆ ಹಿಡಿದು ಎರಡು ವರ್ಷ ಆಯಿತು." ಪ್ರತೀಕನ ಮುಖದಲ್ಲಿ ಸಂತೋಷ ಕಾಣಿಸಿತು. "ಇನ್ನೊಬ್ಬರು ಅಜೆಕಾರು ರಸ್ತೆಯ ಧರ್ಮಪಾಲಣ್ಣ. ಮಗ್ಗ ಬಿಟ್ಟೇಬಿಟ್ಟಿದ್ದರು. ಮೊನ್ನೆ ಮೊನ್ನೆ ಬಂದು ಕೆನೆ ಮತ್ತು ಕೆಂಪು ನೂಲು ಕೇಳಿದರು. ನಮಗೆಲ್ಲ ಖುಷಿ ಆಯಿತು. ಇದು ಅವರು ನೇಯ್ದದ್ದಾ? ಕೈ ಸ್ವಲ್ಪವೂ ತಪ್ಪಿಲ್ಲ ನೋಡಿ."

ಸರಸಳಿಗೆ ಖುಷಿ ಆಗಲಿಲ್ಲ. ಹನ್ನೆರಡು ವರ್ಷದಿಂದ ಅವಳ ಅಂಗಡಿಯ ರಫು ಮಾಡಿಕೊಟ್ಟ ಮನುಷ್ಯ. ಎಳೆಗೆ ಎಳೆ ಹೇಗೆ ಸೇರಿಸಬೇಕೆಂದು ಅವಳ ಬೆರಳು ಹಿಡಿದು ಕಲಿಸಿದವರು. ಕಾಪುವಿಗೆ ಹಿಂತಿರುಗಿ ಒಂದು ಫೋನು ಮಾಡಿ ಕೇಳಿದರೆ ಸಾಕಲ್ಲವೇ ಎಂದು ಒಂದು ಗಳಿಗೆ ಅನ್ನಿಸಿತು. ಮೂರನೆಯ ಸಾಲು ಮತ್ತೆ ಕಣ್ಣಿಗೆ ಬಂತು. ಅವಳು ಕಾರ್ಕಳದ ಬಸ್ಸು ಹತ್ತಿದಳು. ಮಣಿಪಾಲ, ಹಿರಿಯಡಕ ದಾಟಿ ಕಾರ್ಕಳದಲ್ಲಿ ಇಳಿದು, ಅಲ್ಲಿಂದ ಅಜೆಕಾರಿನ ಬಸ್ಸು ಹಿಡಿದು, ಮಧ್ಯಾಹ್ನ ಒಂದು ಗಂಟೆಗೆ ಧರ್ಮಪಾಲಣ್ಣನ ಮನೆಯ ಮುಂದೆ ನಿಂತಳು.

ಅವರಿಗೆ ಎಪ್ಪತ್ತೆರಡು ವರ್ಷ. ಮಗ ಸೊಸೆ ಕೆಲಸಕ್ಕೆ, ಮೊಮ್ಮಗಳು ಕಾಲೇಜಿಗೆ ಹೋಗಿದ್ದರು. ಅವರು ಜಗಲಿಯಲ್ಲಿ ಕುಳಿತು ಯಾರದ್ದೋ ಪಂಚೆಯನ್ನು ರಫು ಮಾಡುತ್ತಿದ್ದರು. ಸರಸಳನ್ನು ಕಂಡು ಎದ್ದು, ಒಳಗಿನಿಂದ ನೀರು ಬೆಲ್ಲ ತಂದಿಟ್ಟರು.

"ಫೋನು ಮಾಡದೆ ಬಂದೆಯಲ್ಲ ಸರಸ. ಎಂತ ವಿಶೇಷ?"

"ನಿಮ್ಮ ಮಗ್ಗ ನೋಡಬೇಕು ಧರ್ಮಪಾಲಣ್ಣ."

ಅವರು ಅವಳ ಮುಖ ನೋಡಿದರು. ಆಮೇಲೆ ಬದಿಯ ಕೋಣೆಯ ಬಾಗಿಲು ದೂಡಿದರು. ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ನೇಯುವ ಹಳೆಯ ಮಗ್ಗ, ಮೇಲೆ ಒಂದು ಬೆಡ್‌ಶೀಟ್ ಮುಚ್ಚಿತ್ತು. ಸರಸ ಅದನ್ನು ಎತ್ತಿದಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು, ಕೆನೆಯ ನಡುವೆ ತೆಳ್ಳಗಿನ ಕೆಂಪು, ಎರಡು ಬದಿಯಲ್ಲಿ ಅಂಚಿನ ಕೆಂಪು, ಕೆಂಪಿನೊಳಗೆ ಎರಡು ಸಣ್ಣ ಗೆರೆ. ಒಂದೇ ಸೀರೆಗಾಗಿ ಯಾವ ನೇಕಾರನೂ ಹಾಸು ಹೂಡುವುದಿಲ್ಲ. ಮೂರು ನಾಲ್ಕು ಸೀರೆಗೆ ಒಟ್ಟಿಗೆ ಹೂಡುತ್ತಾರೆ. ಒಂದು ನೇಯ್ದು ಕತ್ತರಿಸಿ ತೆಗೆದಿದ್ದರು. ಉಳಿದದ್ದು ಹಾಗೆಯೇ ಇತ್ತು.

ಸರಸ ಚೀಲದಿಂದ ಸೀರೆ ತೆಗೆದು ಅದರ ಮೇಲೆ ಇಟ್ಟಳು. ಎರಡೂ ಒಂದಾದವು.

"ಹಳೆಯದು ಎಲ್ಲಿ ಉಂಟು?"

ಧರ್ಮಪಾಲಣ್ಣ ಇಲ್ಲ ಎನ್ನಲಿಲ್ಲ. ಒಳಗೆ ಹೋಗಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ತಂದು, ಚಾಪೆಯ ಮೇಲೆ ಕುಳಿತು, ಮಡಿಲಲ್ಲಿ ಇಟ್ಟುಕೊಂಡರು.

"ಇದು ಅಪ್ಪಿ ನೇಯ್ದದ್ದು," ಎಂದರು.

ಅಪ್ಪಿ ಎಂದರೆ ಅವರ ಹೆಂಡತಿ. ತೀರಿಕೊಂಡು ಒಂಬತ್ತು ವರ್ಷ ಆಗಿತ್ತು. ಅದೇ ವರ್ಷ ಅವರು ಮಗ್ಗ ಬಿಟ್ಟದ್ದು.

"ಹೇಗೆ ಗೊತ್ತು?"

ಅವರು ಕಟ್ಟು ಬಿಚ್ಚಿ, ಸೆರಗು ಮುಗಿದು ಮೈ ಶುರುವಾಗುವ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದರು. ಕೆಂಪು ಎಳೆಗಳ ನಡುವೆ ಅಡ್ಡಕ್ಕೆ ಒಂದೇ ಒಂದು ಹಸಿರು ಎಳೆ. ಹುಡುಕದೆ ಕಾಣುವುದು ಕಷ್ಟ.

"ಪ್ರತಿ ಸೀರೆಯಲ್ಲಿ ಹಾಕುತ್ತಿದ್ದಳು. ಸಂಘದವರು ಕಂಡರೆ ಬೈಯುತ್ತಾರೆ ಅಂತ ನಾನು ಹೇಳಿದರೆ, ಹುಡುಕುವವರಿಗೆ ಮಾತ್ರ ಕಾಣಲಿ ಅನ್ನುತ್ತಿದ್ದಳು." ಅವರ ಬೆರಳು ಆ ಎಳೆಯ ಮೇಲೆಯೇ ಇತ್ತು. "ನಾವಿಬ್ಬರೂ ಈ ಕೋಣೆಯಲ್ಲಿ ಮೂವತ್ತು ವರ್ಷ ನೇಯ್ದವರು ಸರಸ. ಎರಡು ಮಗ್ಗ ಇತ್ತು ಆಗ. ನೇಯ್ದ ಸೀರೆ ಮನೆಯಲ್ಲಿ ಉಳಿಯುತ್ತಿರಲಿಲ್ಲ, ಮಗ್ಗದಿಂದ ಇಳಿದದ್ದು ನೇರ ಉಡುಪಿಗೆ. ಅವಳು ಉಟ್ಟದ್ದು ಕೊನೆಯವರೆಗೂ ಮಿಲ್ಲಿನ ಸೀರೆ. ಮೊನ್ನೆ ಮೊಮ್ಮಗಳು ಕೇಳಿದಳು, ಅಜ್ಜಿ ನೇಯ್ದದ್ದು ಒಂದು ತೋರಿಸಿ ಅಜ್ಜ ಅಂತ. ತೋರಿಸಲಿಕ್ಕೆ ನನ್ನ ಹತ್ತಿರ ಒಂದು ಗೇಣು ಬಟ್ಟೆ ಇರಲಿಲ್ಲ. ಆಮೇಲೆ ಎಂಟು ದಿನಕ್ಕೆ ನಿನ್ನ ಕಟ್ಟು ಬಂತು."

ಸರಸ ಹೊಸ ಸೀರೆಯ ಸೆರಗನ್ನು ಮಗುಚಿ ಅದೇ ಜಾಗ ಹುಡುಕಿದಳು.

"ಹೊಸದನ್ನು ಒಂದು ಎಳೆ ತಪ್ಪದ ಹಾಗೆ ನೇಯ್ದೆ. ಹಸಿರು ಮಾತ್ರ ಹಾಕಲಿಲ್ಲ. ಅದು ಅವಳ ಗುರುತು. ನಾನು ಹಾಕಿದರೆ ಸುಳ್ಳಾಗ್ತದೆ."

"ಸೀರೆ ಬದಲಿಸಿ ಕಳಿಸಿದ್ದು ಸುಳ್ಳಲ್ಲವಾ?"

ಅವರು ತಲೆ ತಗ್ಗಿಸಿದರು. "ಹರಿದದ್ದು ಕೊಟ್ಟವರಿಗೆ ಹೊಸದು ಸಿಕ್ಕಿತಲ್ಲ, ಯಾರಿಗೂ ನಷ್ಟ ಇಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ."

ಸರಸ ಮೊಬೈಲ್ ತೆಗೆದು ಆ ಮೂರು ಸಾಲುಗಳನ್ನು ಓದಿ ಹೇಳಿದಳು. ಮೀನಿನ ಮಾರ್ಕೆಟಿನಲ್ಲಿ ರುಕಿಯಮ್ಮನನ್ನು ಕೇಳಿದ್ದನ್ನು ಹೇಳಿದಳು. ಉಮೈರಾ ಸೂಜಿಯ ಚೀಲ ತಂದು ಮೇಜಿನ ಮೇಲೆ ಇಟ್ಟದ್ದನ್ನೂ ಹೇಳಿದಳು. ಧರ್ಮಪಾಲಣ್ಣನ ಕೈ ಸೀರೆಯ ಮೇಲೆ ನಿಶ್ಚಲವಾಯಿತು. ಇದೊಂದೂ ಅವರಿಗೆ ಗೊತ್ತಿರಲಿಲ್ಲ.

"ಆ ಹುಡುಗಿಯನ್ನು ನಾನು ನೋಡಿದ್ದೇ ಇಲ್ಲ," ಎಂದರು ಸಣ್ಣ ಧ್ವನಿಯಲ್ಲಿ. ಆಮೇಲೆ ಸೀರೆಯನ್ನು ಮಡಚಿ ಅವಳ ಮುಂದೆ ಇಟ್ಟರು. "ಕೊಂಡುಹೋಗು. ಹೇಗಾದರೂ ಹೇಳಿ ಸರಿ ಮಾಡು. ಕಟ್ಟು ತಪ್ಪಿತು ಅಂತ ಹೇಳಿದರೂ ಆಗ್ತದೆ."

ಅದು ಸುಲಭದ ದಾರಿ. ಸೀರೆ ಸಿಗುತ್ತದೆ, ಮುದುಕನ ಮಾನ ಉಳಿಯುತ್ತದೆ. ಸರಸ ಸೀರೆಯನ್ನು ನೋಡಿದಳು. ಆಮೇಲೆ ಅದನ್ನು ಅವರ ಕಡೆಗೇ ಸರಿಸಿದಳು.

"ನಾನು ಕೊಂಡುಹೋಗುವುದಿಲ್ಲ. ಕಟ್ಟು ತಪ್ಪಿತು ಅಂದರೆ, ಕಟ್ಟು ಇದ್ದದ್ದು ಯಾರ ಮನೆಯಲ್ಲಿ ಅಂತ ಮತ್ತೆ ಅವಳ ಕಡೆಗೇ ಬೆರಳು ತೋರಿಸ್ತಾರೆ. ನಾಳೆ ಹತ್ತು ಗಂಟೆಗೆ ಡಾಕ್ಟರನ್ನೂ ಉಮೈರಾಳನ್ನೂ ಅಂಗಡಿಗೆ ಬರಲಿಕ್ಕೆ ಹೇಳ್ತೇನೆ. ನೀವೇ ತನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ."

"ನನ್ನಿಂದ ಆಗುವುದಿಲ್ಲ ಸರಸ."

"ಆಗ್ತದೆ. ಆಗಲೇಬೇಕು." ಅವಳು ಎದ್ದಳು. ಬೆಲ್ಲದ ಚೂರು ಬಾಯಿಗೆ ಹಾಕಿ ನೀರು ಕುಡಿದು ಲೋಟ ಕೆಳಗಿಟ್ಟಳು. ಆ ಮನೆಯ ನೀರನ್ನು ಮುಟ್ಟದೆ ಹೊರಡಲು ಅವಳಿಗೆ ಮನಸ್ಸಾಗಲಿಲ್ಲ.

ಮರುದಿನ ಹತ್ತು ಗಂಟೆಗೆ ಭವ್ಯಶ್ರೀ ಬಂದರು. ಉಮೈರಾ ಅದಕ್ಕೂ ಮೊದಲೇ ಬಂದು ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದಳು. ಸೀರೆ ಸಿಕ್ಕಿದೆ, ತರುವವರು ಬರುತ್ತಾರೆ, ಅವರ ಬಾಯಿಯಿಂದಲೇ ಕೇಳಿ ಎಂದಷ್ಟೇ ಸರಸ ಹೇಳಿದಳು. ಹತ್ತೂವರೆ ಆಯಿತು. ಹನ್ನೊಂದು ಆಯಿತು. ಕಾರ್ಕಳದ ಕಡೆಯಿಂದ ಬಂದ ಎರಡು ಬಸ್ಸುಗಳಲ್ಲಿಯೂ ಅವರು ಇಳಿಯಲಿಲ್ಲ. ಭವ್ಯಶ್ರೀ ಎರಡು ಸಲ ಗಡಿಯಾರ ನೋಡಿದರು. ಅವರಿಗೆ ಮಧ್ಯಾಹ್ನ ಡ್ಯೂಟಿ ಇತ್ತು.

"ಬರದಿದ್ದರೆ?" ಉಮೈರಾ ಕೇಳಿದಳು.

"ಬರದಿದ್ದರೆ ನಾಳೆ ನಾವು ಮೂವರೂ ಅಲ್ಲಿಗೆ ಹೋಗುವ," ಎಂದಳು ಸರಸ.

ಹನ್ನೊಂದೂ ಮುಕ್ಕಾಲಿಗೆ ಧರ್ಮಪಾಲಣ್ಣ ಬಾಗಿಲಲ್ಲಿ ಕಾಣಿಸಿಕೊಂಡರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಕಂಕುಳಲ್ಲಿ ಬಿಳಿ ಬಟ್ಟೆಯ ಕಟ್ಟು. ಬೆಳಿಗ್ಗೆ ಎರಡು ಸಲ ಬಸ್ ಸ್ಟಾಪಿನವರೆಗೆ ಬಂದು ಮನೆಗೆ ಹಿಂತಿರುಗಿದ್ದರಂತೆ. ಸರಸ ಕುರ್ಚಿ ಕೊಟ್ಟಳು. ಅವರು ಕುಳಿತುಕೊಳ್ಳಲಿಲ್ಲ. ಡಾಕ್ಟರ ಕಡೆಗೂ ಮೊದಲು ನೋಡಲಿಲ್ಲ. ಮೂಲೆಗೆ ಹೋಗಿ ಉಮೈರಾಳ ಎದುರು ನಿಂತರು.

"ಮಗಳೇ, ಸೀರೆ ಬದಲಿಸಿದ್ದು ನಾನು. ಬೈಗುಳ ಕೇಳಿದ್ದು ನೀನು."

ನಿಂತಲ್ಲಿಯೇ ಎಲ್ಲವನ್ನೂ ಹೇಳಿದರು. ಅಪ್ಪಿಯ ವಿಷಯ ಹೇಳುವಾಗ ಮಾತು ಎರಡು ಕಡೆ ತಡೆಯಿತು. ತಮ್ಮ ತಪ್ಪನ್ನು ಹೇಳುವಾಗ ತಡೆಯಲಿಲ್ಲ. ಕಟ್ಟು ಬಿಚ್ಚಿ ಸೀರೆಯನ್ನು ಭವ್ಯಶ್ರೀಯ ಕೈಗೆ ಕೊಟ್ಟರು. ಅವರು ಅದನ್ನು ತೆಗೆದುಕೊಂಡು ಮುಖಕ್ಕೆ ಒತ್ತಿಕೊಂಡರು. ಅಂಚಿನ ತೂತನ್ನು ಎಷ್ಟು ಅಚ್ಚುಕಟ್ಟಾಗಿ ರಫು ಮಾಡಲಾಗಿತ್ತೆಂದರೆ ಮಗುಚಿ ನೋಡಿದರೂ ಹುಡುಕಬೇಕಾಯಿತು.

ಉಮೈರಾ ಸ್ಟೂಲಿನಿಂದ ಎದ್ದಳು. "ನನಗೆ ನಿಮ್ಮ ಮೇಲೆ ಸಿಟ್ಟು ಉಂಟು. ಇಲ್ಲ ಅಂತ ಹೇಳುವುದಿಲ್ಲ. ನೀವು ಇಲ್ಲಿ ಹೇಳಿದ್ದನ್ನು ಕೇಳಿದ್ದು ನಾವು ಮೂವರು. ನನ್ನ ಬಗ್ಗೆ ಓದಿದವರು ಇನ್ನೂರು ಜನ."

"ಅವರಿಗೂ ಹೇಳ್ತೇನೆ. ಹೇಗೆ ಹೇಳುವುದು ಅಂತ ನನಗೆ ಗೊತ್ತಿಲ್ಲ."

ಭವ್ಯಶ್ರೀ ತಮ್ಮ ಮೊಬೈಲನ್ನು ಅವರ ಮುಂದೆ ಹಿಡಿದರು. ಧರ್ಮಪಾಲಣ್ಣ ಹೆಸರು, ಊರು ಹೇಳಿ, ತಾವು ಮಾಡಿದ್ದನ್ನು ನಾಲ್ಕು ವಾಕ್ಯದಲ್ಲಿ ಹೇಳಿದರು. ಆ ಧ್ವನಿ ಗುಂಪಿಗೆ ಹೋಯಿತು. ಅದರ ಕೆಳಗೆ ಭವ್ಯಶ್ರೀ ತಾವೇ ಬರೆದರು: ನಾನು ಉಮೈರಾ ಅವರ ಹೆಸರು ಎತ್ತಲಿಲ್ಲ, ಆದರೆ ಬೇರೆಯವರು ಎತ್ತಿದಾಗ ತಡೆಯಲೂ ಇಲ್ಲ, ಅದು ನನ್ನ ತಪ್ಪು. ಬರೆದದ್ದನ್ನು ಕಳಿಸುವ ಮೊದಲು ಉಮೈರಾಳಿಗೆ ತೋರಿಸಿದರು. ಉಮೈರಾ ಓದಿ, ಆಗಬಹುದು ಎಂಬಂತೆ ತಲೆಯಾಡಿಸಿದಳು.

"ಇನ್ನೊಂದು ಉಂಟು ಸರಸಕ್ಕ," ಎಂದಳು. "ಇನ್ನು ಮೇಲೆ ಸೀರೆಯ ಜೊತೆ ಹೋಗುವ ಚೀಟಿಯಲ್ಲಿ ಕುಚ್ಚು ಕಟ್ಟಿದವರ ಹೆಸರು ಇರಲಿ. ನನ್ನ ಹೆಸರು ಗೊತ್ತಿಲ್ಲದ ಕಾರಣ ಅವರು 'ಒಬ್ಬಳು ಹೆಂಗಸು' ಅಂತ ಬರೆದದ್ದು."

"ಇವತ್ತಿನಿಂದಲೇ," ಎಂದಳು ಸರಸ.

ಭವ್ಯಶ್ರೀ ಹೊರಡುವ ಮೊದಲು ಧರ್ಮಪಾಲಣ್ಣನ ಹತ್ತಿರ ಬಂದು, "ಆ ಹಸಿರು ಎಳೆ ಎಲ್ಲಿ ಉಂಟು?" ಎಂದು ಕೇಳಿದರು. ಅವರು ತೋರಿಸಿದರು. ಸಣ್ಣಂದಿನಿಂದ ಅಷ್ಟು ಸಲ ನೋಡಿದ ಸೀರೆಯಲ್ಲಿ ಅದನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ.

"ಇದನ್ನು ನಾನು ನಿಮಗೆ ಕೊಡಲಾರೆ," ಭವ್ಯಶ್ರೀ ಹೇಳಿದರು. "ನನ್ನ ಹತ್ತಿರವೂ ಅಜ್ಜಿಯದ್ದು ಅಂತ ಇರುವುದು ಇದೊಂದೇ. ಆದರೆ ನಿಮ್ಮ ಹೆಂಡತಿ ಮೂವತ್ತು ವರ್ಷ ನೇಯ್ದಿದ್ದಾರೆ ಅಂದರೆ ಅವು ಎಲ್ಲೋ ಇರಬೇಕಲ್ಲ."

ಆ ಸಂಜೆ ಗುಂಪಿನಲ್ಲಿ ಅವರು ಹಸಿರು ಎಳೆಯ ಚಿತ್ರ ಹಾಕಿದರು. ನಿಮ್ಮ ಮನೆಯ ಹಳೆಯ ಉಡುಪಿ ಸೀರೆಗಳನ್ನು ತೆಗೆದು ನೋಡಿ ಎಂದು ಕೇಳಿದರು. ಮೊದಲ ವಾರ ಬಂದ ಐದು ಚಿತ್ರಗಳಲ್ಲಿ ಒಂದೂ ಅಪ್ಪಿಯದ್ದಾಗಿರಲಿಲ್ಲ. ಒಂದರಲ್ಲಿ ಹಸಿರು ಇತ್ತು, ಆದರೆ ಅದು ಯಾರೋ ಹೊಲಿಗೆ ಹಾಕಿದ ದಾರ. ಮದುವೆಯ ಗದ್ದಲದಲ್ಲಿ ವಿಷಯ ತಣ್ಣಗಾಯಿತು. ಮೆಹೆಂದಿಯ ದಿನ ಭವ್ಯಶ್ರೀ ಅಜ್ಜಿಯ ಸೀರೆಯನ್ನೇ ಉಟ್ಟರು. ಅದಕ್ಕೆ ಕುಚ್ಚು ಕಟ್ಟಿದ್ದು ಉಮೈರಾ. ಎರಡನೆಯ ಸಲ, ಈ ಬಾರಿ ಸರಿಯಾದ ಸೀರೆಗೆ. ಸೀರೆ ಕೊಂಡುಹೋಗಿದ್ದ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ತಾವಾಗಿ ಹಿಂತಿರುಗಿ ಬಂದರು. ಇನ್ನೊಬ್ಬರು ಬರಲಿಲ್ಲ. ಸರಸ ಅವರಿಗೆ ಫೋನು ಮಾಡಲಿಲ್ಲ.

ಮದುವೆಯಾಗಿ ಇಪ್ಪತ್ತು ದಿನಕ್ಕೆ ಅಂಬಲಪಾಡಿಯಿಂದ ಭವ್ಯಶ್ರೀಯ ಚಿಕ್ಕಮ್ಮನ ಫೋನು ಬಂತು. ಅಡುಗೆಮನೆಯ ಗ್ರೈಂಡರಿಗೆ ಮುಚ್ಚಿದ್ದ ಹಳೆಯ ನೀಲಿ ಸೀರೆಯ ತುಂಡನ್ನು ಒಗೆಯಲು ತೆಗೆದಾಗ ಅದರಲ್ಲಿ ಒಂದು ಹಸಿರು ಎಳೆ ಕಂಡಿತಂತೆ. ಸೀರೆಯ ಅರ್ಧ ಎಂದೋ ಹೋಗಿತ್ತು, ಸೆರಗಿನ ಕಡೆಯ ಅರ್ಧ ಉಳಿದಿತ್ತು.

ಆದಿತ್ಯವಾರ ಭವ್ಯಶ್ರೀ, ಸರಸ ಇಬ್ಬರೂ ಅದನ್ನು ಕೊಂಡು ಅಜೆಕಾರು ರಸ್ತೆಗೆ ಹೋದರು. ನಮ್ಮ ಜೊತೆ ಬರ್ತೀಯಾ ಎಂದು ಸರಸ ಕೇಳಿದಾಗ ಉಮೈರಾ, "ಇನ್ನೂ ಸ್ವಲ್ಪ ದಿನ ಹೋಗಲಿ," ಎಂದಿದ್ದಳು. ಅಂಗಳಕ್ಕೆ ಬರುವಾಗಲೇ ಲಾಳಿ ಅತ್ತಿತ್ತ ಓಡುವ ಸದ್ದು ಕೇಳಿಸಿತು. ಮಗ್ಗದ ಮೇಲೆ ಉಳಿದಿದ್ದ ಹಾಸಿನಲ್ಲಿ ಎರಡನೆಯ ಸೀರೆ ಅರ್ಧ ಆಗಿತ್ತು. ಮೊಮ್ಮಗಳು ಪಕ್ಕದಲ್ಲಿ ಕುಳಿತು ನೂಲು ಸುತ್ತುತ್ತಿದ್ದಳು.

ಧರ್ಮಪಾಲಣ್ಣ ಗುಂಡಿಯಿಂದ ಎದ್ದು ಬಂದು ಆ ನೀಲಿ ತುಂಡನ್ನು ಕೈಯಲ್ಲಿ ಹಿಡಿದರು. ಅಂಗಳದ ಬೆಳಕಿಗೆ ತಂದರು. ಮೊಮ್ಮಗಳನ್ನು ಕರೆದು, ಅವಳ ಬೆರಳನ್ನು ಹಿಡಿದು ಆ ಎಳೆಯ ಮೇಲೆ ಇಟ್ಟರು.

"ಇದು ನಿನ್ನ ಅಜ್ಜಿ," ಎಂದರು.

ಆಮೇಲೆ ಅವರು ಬಟ್ಟೆಯನ್ನು ಮಗುಚಿ, ಹರಿದ ಅಂಚನ್ನು ಪರೀಕ್ಷಿಸಿ, ಇದಕ್ಕೆ ಎರಡು ದಿನದ ಕೆಲಸ ಉಂಟು ಎಂದು ತಮ್ಮಷ್ಟಕ್ಕೆ ಹೇಳುತ್ತಾ ಕನ್ನಡಕ ತರಲು ಒಳಗೆ ಹೋದರು.